ಸೂಜಿಯನ್ನು ದೂರುವ ಮುಂಚೆ ದಿನ ಎಣಿಸು

ತಮ್ಮಾ, ಲಸಿಕೆ ಹಾಕಿಸಿದ ಮರುದಿನವೇ ಕುದುರೆಮರಿಯ ಮೂಗಿನಿಂದ ಕೀವು ಇಳಿದು, ದವಡೆಯ ಕೆಳಗೆ ಗಡ್ಡೆ ಎದ್ದರೆ ಸೂಜಿಯಿಂದಲೇ ಬಂತು ಅನ್ನಿಸುತ್ತದೆ. ಆ ಸಂಕಟ ನನಗೆ ಅರ್ಥವಾಗುತ್ತದೆ. ಚೋರನೂರಿನಿಂದ ಕುರಿ ಹೊಡೆದುಕೊಂಡು ಊರೂರು ತಿರುಗುವವರಿಗೆ ಗುಡಾರ, ಪಾತ್ರೆ, ಕಂಬಳಿ ಎಲ್ಲ ಹೊರುವುದು ಕುದುರೆಯೇ. ಅದು ನೆಲ ಹಿಡಿದರೆ ಹಟ್ಟಿ ಮುಂದೆ ಸಾಗುವುದಿಲ್ಲ. ಆದರೂ ಸಿಟ್ಟಾಗುವ ಮುಂಚೆ ದಿನ ಎಣಿಸು.

ಈ ಬೇನೆಗೆ ಡಾಕ್ಟರುಗಳು ಸ್ಟ್ರಾಂಗಲ್ಸ್ ಅನ್ನುತ್ತಾರೆ. ಸ್ಟ್ರೆಪ್ಟೊಕಾಕಸ್ ಈಕ್ವೈ ಎಂಬ ರೋಗಾಣು ಮೈ ಹೊಕ್ಕ ಮೇಲೆ ಜ್ವರ ಕಾಣಿಸಲು ಸಾಮಾನ್ಯವಾಗಿ 3ರಿಂದ 14 ದಿನ ಬೇಕು. ಮರುದಿನವೇ ಗಡ್ಡೆ ಎದ್ದಿದೆ ಎಂದರೆ ರೋಗ ಮೊದಲೇ ಒಳಗಿತ್ತು. ಹಾಕಿಸಿದ್ದು ಧನುರ್ವಾಯುವಿನಂಥ ಬೇರೆ ರೋಗದ ಲಸಿಕೆಯಾದರೆ ಅದರಲ್ಲಿ ಈ ರೋಗಾಣು ಇರುವುದೇ ಇಲ್ಲ. ವಾರ ಕಳೆದು ಬಂದರೆ ಮಾತ್ರ ಲಸಿಕೆ ಹಾಕಿಸಿದ ದಿನ ಏನೇನಾಯಿತು ಅಂತ ನೆನಪು ಮಾಡಿಕೊ: ನಾಲ್ಕು ಹಟ್ಟಿಯ ಕುದುರೆಗಳು ಒಂದೇ ಕಡೆ ಕೂಡಿದ್ದವೇ? ಒಂದೇ ತೊಟ್ಟಿಯಲ್ಲಿ ನೀರು ಕುಡಿದವೇ? ಒಂದರ ಲಗಾಮು ಇನ್ನೊಂದಕ್ಕೆ ಹಾಕಿದಿರಾ? ಬಹಳ ಸಲ ರೋಗ ದಾಟುವುದು ಅಲ್ಲಿ.

ಹಾಗಂತ ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ. ಸ್ಟ್ರಾಂಗಲ್ಸ್‌ಗೇ ಅಂತ ಇರುವ ಲಸಿಕೆಗಳಲ್ಲಿ ಅಮೆರಿಕದಲ್ಲಿ ಮೂಗಿಗೆ ಬಿಡುವ ಒಂದರಲ್ಲಿ ಬಲ ಕುಂದಿಸಿದ ಜೀವಂತ ರೋಗಾಣುವೇ ಇರುತ್ತದೆ. ಅದನ್ನು ಮುಟ್ಟಿದ ಕೈಯಲ್ಲೇ ಬೇರೆ ಸೂಜಿ ಚುಚ್ಚಿದರೆ ಚುಚ್ಚಿದ ಜಾಗ ಕೀವಾಗಬಹುದು. ಅದಕ್ಕೇ ಸೂಜಿಯ ಲಸಿಕೆ ಮೊದಲು, ಮೂಗಿನದು ಕೊನೆಗೆ. ಈಚೆಗೆ ರೋಗ ಬಂದು ವಾಸಿಯಾದ ಕುದುರೆಗೆ ಅವಸರದಲ್ಲಿ ಈ ಲಸಿಕೆ ಕೊಟ್ಟರೆ ರಕ್ತನಾಳ ಉರಿದು, ಮುಖ ಕಾಲು ಬಾತು, ಜೀವಕ್ಕೇ ಎರವಾಗುವುದುಂಟು. ಯುರೋಪಿನಲ್ಲಿ 2021ರಲ್ಲಿ ಒಪ್ಪಿಗೆ ಪಡೆದ ಹೊಸ ಲಸಿಕೆಯಲ್ಲಿ ರೋಗಾಣುವಿನ ಪ್ರೋಟೀನು ಮಾತ್ರ ಇದೆ. ಅದರಿಂದ ಸ್ಟ್ರಾಂಗಲ್ಸ್ ಬರಲಾರದು. ಆದ್ದರಿಂದ ಯಾವ ಲಸಿಕೆ, ಯಾವ ತಾರೀಖು ಅಂತ ಬರೆದಿಟ್ಟುಕೊ. ಸೀಸೆಯ ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಡಾಕ್ಟರನ್ನು ಕೇಳಲು ನಾಚಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಗಡ್ಡೆಗೆ ನೀನೇ ಕತ್ತಿ ಹಾಕಬೇಡ, ಬರೆ ಎಳೆಯಬೇಡ. ಮೂಗು ಸೋರಿ ಗಂಟು ಕಟ್ಟುವ ಇನ್ನೊಂದು ರೋಗವಿದೆ, ಗ್ಲ್ಯಾಂಡರ್ಸ್. ಅದು ಮನುಷ್ಯರಿಗೂ ಅಂಟಿ ಕೊಲ್ಲಬಹುದು. ಅದಕ್ಕೆ ಲಸಿಕೆಯೇ ಇಲ್ಲ. ಎರಡನ್ನೂ ಕಣ್ಣಳತೆಯಲ್ಲಿ ಬಿಡಿಸಿ ಹೇಳಲಾಗುವುದಿಲ್ಲ, ಪರೀಕ್ಷೆಯೇ ಆಗಬೇಕು. ದೇಶದಲ್ಲಿ ಆ ಪರೀಕ್ಷೆಗೆ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವಿದೆ. ದನದ ದವಾಖಾನೆಯವರು ಮಾದರಿ ತೆಗೆದುಕೊಳ್ಳುವ ತನಕ ಆ ಕೀವನ್ನು ಬರಿಗೈಯಲ್ಲಿ ಮುಟ್ಟಬೇಡ. ಮಕ್ಕಳನ್ನು ಹತ್ತಿರ ಬಿಡಬೇಡ.

ಒಂದಕ್ಕೆ ರೋಗ ಬಂತೆಂದರೆ ಮಿಕ್ಕವಕ್ಕೆ ಬೆಳಿಗ್ಗೆ ಸಂಜೆ ಜ್ವರ ನೋಡು. 101 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಏರುತ್ತಿರುವುದನ್ನು ಅಂದೇ ದೂರ ಕಟ್ಟು. ಜ್ವರ ಬಂದು ಒಂದೆರಡು ದಿನವಾದ ಮೇಲೇ ಮೂಗಿನಿಂದ ರೋಗಾಣು ಉದುರತೊಡಗುವುದು. ಆ ಬಿಡುವು ನಿನಗೆ ಸಿಕ್ಕ ಅವಕಾಶ. ಗಡ್ಡೆ ಒಡೆದು ವಾಸಿಯಾಯಿತು ಅಂತ ಕೂಡಲೇ ಗುಂಪಿಗೆ ಬಿಡಬೇಡ. ಗುಣವಾದ ಹತ್ತರಲ್ಲಿ ಒಂದು ಕುದುರೆ ಗಂಟಲ ಪಕ್ಕದ ಗಾಳಿಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಹಂಚಬಹುದು. ಸಂತೆಯಿಂದ ಹೊಸ ಕುದುರೆ ತಂದರೂ ಮೂರು ವಾರ ಬೇರೆ ಮರ, ಬೇರೆ ಬಕೆಟ್ಟು, ಬೇರೆ ಹುರುಳಿ ಚೀಲ. ಹಟ್ಟಿಯ ಕುದುರೆಗಳಿಗೆ ಮೇವು ಹಾಕಿ ಮುಗಿದ ಮೇಲೆ ಅದರ ಹತ್ತಿರ ಹೋಗು, ಬಂದು ಸಾಬೂನಿನಲ್ಲಿ ಕೈ ತೊಳೆ.