ಮೈ ಇಳಿದರೆ ಖುಷಿಪಡಬೇಡಿ, ಮೊದಲು ರಕ್ತ ಪರೀಕ್ಷೆ ಮಾಡಿಸಿ

ಪ್ರಶ್ನೆ: ನನಗೆ 48 ವರ್ಷ. ಎತ್ತರ 168 ಸೆಂ.ಮೀ., ತೂಕ 84 ಕೆ.ಜಿ., ಪ್ಯಾಂಟಿನ ಸೈಜ್ 36. ತಂದೆಗೆ ಡಿಮೆನ್ಷಿಯಾ ಇತ್ತು. ದಪ್ಪಗಿರುವವರಿಗೆ ಮರೆವಿನ ಕಾಯಿಲೆ ಕಡಿಮೆ ಎಂದು ವಾಟ್ಸ್ಆ್ಯಪ್‌ನಲ್ಲಿ ಓದಿದೆ. ತೂಕ ಇಳಿಸದಿದ್ದರೂ ನಡೆದೀತೇ?
– ಓದುಗರು, ದಾವಣಗೆರೆ

ಉತ್ತರ: ನಡೆಯುವುದಿಲ್ಲ. ಆ ಮೆಸೇಜು ನನಗೂ ಬಂದಿದೆ, ಅದೂ ಡಾಕ್ಟರುಗಳ ಗ್ರೂಪಿನಲ್ಲೇ! 2015ರಲ್ಲಿ ಬ್ರಿಟನ್ನಿನ ಸುಮಾರು 20 ಲಕ್ಷ ಜನರ ವೈದ್ಯಕೀಯ ದಾಖಲೆ ಜಾಲಾಡಿದಾಗ ತೀರಾ ತೆಳ್ಳಗಿದ್ದವರಲ್ಲಿ ಡಿಮೆನ್ಷಿಯಾ ಹೆಚ್ಚು ಕಂಡಿತ್ತು. ಅಷ್ಟನ್ನೇ ಹಿಡಿದುಕೊಂಡು ಬೊಜ್ಜನ್ನು ಸಾಕುವವರು ಬಹಳ. ಈ ಕಾಯಿಲೆ ಮಿದುಳಿನಲ್ಲಿ ಬೇರೂರುವುದು ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಮೊದಲು. ಅಷ್ಟರಲ್ಲಿ ಹಸಿವು, ವಾಸನೆ ಮಂಕಾಗಿ ಮೈ ಇಳಿಯತೊಡಗಿರುತ್ತದೆ. ಆಗ ತೂಕ ನೋಡಿದವರು ತೆಳ್ಳಗಿದ್ದುದರಿಂದಲೇ ಕಾಯಿಲೆ ಬಂತು ಅನ್ನುತ್ತಾರೆ. ಲಂಡನ್ನಿನ ಸರ್ಕಾರಿ ನೌಕರರನ್ನು 1985ರಿಂದ ಗಮನಿಸುತ್ತ ಬಂದ ವೈಟ್‌ಹಾಲ್ ಅಧ್ಯಯನ ನೋಡಿ: 50ರ ವಯಸ್ಸಿನಲ್ಲಿ ಬೊಜ್ಜಿದ್ದವರಿಗೇ ಮುಂದೆ ಡಿಮೆನ್ಷಿಯಾ ಹೆಚ್ಚು ಬಂತು. ಕಾಯಿಲೆ ಬಂದವರ ತೂಕ ಮೊದಲೆಲ್ಲ ಹೆಚ್ಚಿದ್ದು, ಪತ್ತೆಗೆ ಮುಂಚಿನ ಸುಮಾರು 8 ವರ್ಷಗಳಲ್ಲಿ ಉಳಿದವರಿಗಿಂತ ಕೆಳಗಿಳಿದಿತ್ತು. ಸಂಶೋಧಕರ ಚರ್ಚೆ ಇನ್ನೂ ಮುಗಿದಿಲ್ಲ, ನಿಜ. ಅದು ಮುಗಿಯುವವರೆಗೆ ನಿಮ್ಮ ಹೊಟ್ಟೆ ಕಾಯಬೇಕಿಲ್ಲ.

ನಿಮ್ಮ ಬಿಎಂಐ ಹೆಚ್ಚುಕಡಿಮೆ 30. ಭಾರತೀಯರಿಗೆ 25 ದಾಟಿದರೆ ಬೊಜ್ಜೆಂದೇ ಲೆಕ್ಕ. ಪ್ಯಾಂಟಿನ ಸೈಜನ್ನು ನಾನು ನಂಬುವುದಿಲ್ಲ, ಅದು ಹೊಟ್ಟೆಯ ಕೆಳಗೆ ಬೆಲ್ಟು ಬಿಗಿಯುವವರ ಲೆಕ್ಕ. ಟೈಲರ್ ಟೇಪು ತಂದು, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಅಳೆಯಿರಿ. ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಮೀರಬಾರದು. ಈ ವಾರವೇ ಬಿಪಿ, ಎಚ್‌ಬಿಎ1ಸಿ, ಕೊಲೆಸ್ಟರಾಲ್ ನೋಡಿಸಿ. ತಂದೆಗಿತ್ತೆಂದು ನಿಮಗೂ ಬಂದೇ ಬರುತ್ತದೆಂದಿಲ್ಲ. ಆ ಭಯ ಬಿಡಿ, ವಾಕಿಂಗ್ ಬಿಡಬೇಡಿ.

ಪ್ರಶ್ನೆ: ನಮ್ಮತ್ತೆಗೆ 72. ಹತ್ತು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ತಗೊಳ್ತಾರೆ. ಒಂದು ವರ್ಷದಲ್ಲಿ 7 ಕೆ.ಜಿ. ಇಳಿದಿದ್ದಾರೆ, ಎಲ್ಲರಿಗೂ ಸಂತೋಷ. ಆದರೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾರೆ. ವಯಸ್ಸಿನದೇ ಅಲ್ಲವೇ?
– ಗೃಹಿಣಿ, ಶಿರಸಿ

ಉತ್ತರ: ಸಂತೋಷ ಯಾಕಮ್ಮಾ? ಪಥ್ಯ ಮಾಡದೆ, ನಡೆಯದೆ 7 ಕೆ.ಜಿ. ಹೋಗಿದ್ದರೆ ಕಾರಣ ಹುಡುಕಬೇಕು. ರವಿಕೆ ಸಡಿಲವಾಗಿ, ಬಳೆ ಮೊಣಕೈವರೆಗೆ ಜಾರುವಾಗಲೂ ಮನೆಯವರು 'ಶುಗರ್ ಕಂಟ್ರೋಲಿಗೆ ಬಂತು' ಅನ್ನುತ್ತಾರೆ. ಅರವತ್ತಕ್ಕೆ ಅರಳುಮರಳು ಎಂದು ಕೈತೊಳೆದುಕೊಳ್ಳುವುದು ನನಗೆ ಸಿಟ್ಟು ತರಿಸುವ ಇನ್ನೊಂದು ಮಾತು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕುಸಿಯಬಹುದು, ಸಸ್ಯಾಹಾರಿಗಳಿಗೆ ಇನ್ನೂ ಬೇಗ. ಅದರಿಂದ ಬರುವ ಮರೆವು ಬೇಗ ಹಿಡಿದರೆ ಸರಿಹೋಗಬಹುದು. ಬಿ12, ಟಿಎಸ್‌ಎಚ್, ಹಿಮೋಗ್ಲೋಬಿನ್, ಕ್ರಿಯಾಟಿನಿನ್, ಎಚ್‌ಬಿಎ1ಸಿ ಮಾಡಿಸಿ, ಎದೆಯ ಎಕ್ಸ್‌ರೇಯನ್ನೂ ತೆಗೆಸಿ. ಟಿಬಿ ಮುದುಕರಲ್ಲಿ ಕೆಮ್ಮಿಲ್ಲದೆಯೂ ಅಡಗಿರುತ್ತದೆ. ಹಲ್ಲುಸೆಟ್ಟು ಸಡಿಲವಾಗಿ ಅಗಿಯಲಾಗದೆ ಊಟ ಬಿಟ್ಟಿದ್ದಾರೆಯೇ ನೋಡಿ. ಮನಸ್ಸು ಕುಗ್ಗಿದೆಯೇ, ಕೇಳಿ. ಇತ್ತೀಚೆಗೆ ಬಿದ್ದು ತಲೆಗೆ ಪೆಟ್ಟಾಗಿದ್ದರೆ ಸ್ಕ್ಯಾನ್ ಕೂಡಲೇ ಬೇಕು. ಇವೆಲ್ಲ ಸರಿಯಿದ್ದೂ ಉಪ್ಪಿನ ಕತೆ ಮುಂದುವರಿದರೆ ನರರೋಗ ತಜ್ಞರಿಗೆ ತೋರಿಸಿ. ಅಲ್ಲಿಯವರೆಗೆ ಊಟ ಕಡಿಮೆ ಮಾಡಿಸಬೇಡಿ. ಬೇಳೆ, ಮೊಸರು, ತಿನ್ನುವವರಾದರೆ ಮೊಟ್ಟೆ ಕೊಡಿ. ಮಾತ್ರೆಯ ಪ್ರಮಾಣವನ್ನು ಡಾಕ್ಟರರು ಮತ್ತೆ ನೋಡಲಿ, ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ನನಗೆ 66, ತೂಕ 74. ಮರೆವು ಬಾರದಿರಲೆಂದು ಎರಡು ತಿಂಗಳಲ್ಲಿ 15 ಕೆ.ಜಿ. ಇಳಿಸುವ ಯೋಚನೆ. ಒಂದೆಲಗದ ತಂಬುಳಿಯೂ ಶುರು ಮಾಡಿದ್ದೇನೆ. ಕಿವಿ ಸ್ವಲ್ಪ ಮಂದ.
– ನಿವೃತ್ತ ಶಿಕ್ಷಕಿ, ಪುತ್ತೂರು

ಉತ್ತರ: ತಂಬುಳಿ ಉಣ್ಣಿ, ಚೆನ್ನಾಗಿರುತ್ತದೆ. ಔಷಧಿ ಎಂದು ನಂಬಬೇಡಿ. ಈ ವಯಸ್ಸಿನಲ್ಲಿ ಗಡಿಬಿಡಿಯಿಂದ ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಆಮೇಲೆ ಬಿದ್ದು ಸೊಂಟ ಮುರಿದುಕೊಳ್ಳುವುದು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ಅಭ್ಯಾಸ ಮಾಡಿ, ತೂಕ ನಿಧಾನವಾಗಿ ಇಳಿಯಲಿ. ನನಗೆ ಚಿಂತೆ ಹುಟ್ಟಿಸಿದ್ದು ನಿಮ್ಮ ಕೊನೆಯ ಸಾಲು. ಕಿವಿ ಮಂದವಾಗುವುದು ಡಿಮೆನ್ಷಿಯಾದ ದೊಡ್ಡ ಅಪಾಯಗಳಲ್ಲೊಂದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲೂ ಹೇಳಿದೆ. ಆಡಿಯೊಮೆಟ್ರಿ ಮಾಡಿಸಿ, ಬೇಕೆಂದರೆ ನಾಚಿಕೆ ಬಿಟ್ಟು ಮೆಷಿನ್ ಹಾಕಿಸಿಕೊಳ್ಳಿ. ಅದಕ್ಕೂ ಮುಂಚೆ ಕಿವಿಯಲ್ಲಿ ಗುಗ್ಗೆ ಇದೆಯೇ ನೋಡಿಸಿ.