ಕಣ್ಣು ಮಂಜಾಗಿ ಸರಿಹೋದರೂ ಎಂಆರ್‌ಐ ಬೇಕೇ?

ಪ್ರಶ್ನೆ: ನನಗೆ 28 ವರ್ಷ. ಕಳೆದ ವರ್ಷ ಎಡಗಣ್ಣು ನೋವಿನ ಜೊತೆ ಮಂಜಾಗಿ, ಕೆಲವು ವಾರಗಳಲ್ಲಿ ಸರಿಹೋಯಿತು. ಈಗ ಸೊಂಟದಿಂದ ಕೆಳಗೆ ಜೋಮು. ನರದೌರ್ಬಲ್ಯವೆಂದು ಬಿ12 ಇಂಜೆಕ್ಷನ್ ಕೊಟ್ಟಿದ್ದಾರೆ, ಕಡಿಮೆಯಾಗುತ್ತಿದೆ. ಆದರೂ ಎಂಆರ್‌ಐ ಮಾಡಿಸಿ ಎನ್ನುತ್ತಾರೆ. ದುಡ್ಡು ದಂಡವಲ್ಲವೇ?
– ಓದುಗರು, ಹಾಸನ

ಉತ್ತರ: ದಂಡವಲ್ಲಮ್ಮ, ಈ ವಾರವೇ ಮಾಡಿಸಿ. ಮಿದುಳಿನದು ಮಾತ್ರವಲ್ಲ, ಬೆನ್ನುಹುರಿಯದೂ ಆಗಲಿ. ‘ನರದೌರ್ಬಲ್ಯ’ ಎಂಬ ಹೆಸರಿಟ್ಟು ಟಾನಿಕ್ಕು, ಕೆಂಪು ಇಂಜೆಕ್ಷನ್ ಕೊಡುವ ಪದ್ಧತಿ ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿ12 ಕೊರತೆ ಇದೆಯೋ ಇಲ್ಲವೋ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಊಹಿಸಿ ಚುಚ್ಚಬೇಕಿಲ್ಲ. ಜೋಮು ಇಳಿದದ್ದು ಇಂಜೆಕ್ಷನ್ನಿನಿಂದಲೇ ಎಂದೂ ನಂಬಬೇಡಿ. ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಬಹುಪಾಲು ಜನರಲ್ಲಿ ಹೀಗೇ ಬಂದು, ತಾನಾಗಿ ಇಳಿದು, ತಿಂಗಳೋ ವರ್ಷವೋ ಬಿಟ್ಟು ಇನ್ನೊಂದು ಕಡೆ ಕಾಣಿಸಿಕೊಳ್ಳುತ್ತದೆ. ಪ್ಯಾರಿಸ್ಸಿನ ವೈದ್ಯ ಶಾರ್ಕೊ 1868ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಅದು ನರಮಂಡಲದಲ್ಲಿ ಮೂಡಿಸುವ ಮಚ್ಚೆಗಳನ್ನು ರೋಗಿ ಸತ್ತ ಮೇಲಷ್ಟೇ ನೋಡಬಹುದಿತ್ತು. ಇಂದು ನೀವು ನಡೆದಾಡುತ್ತಿರುವಾಗಲೇ ಸ್ಕ್ಯಾನಿನಲ್ಲಿ ಕಾಣುತ್ತವೆ. ಆ ಅವಕಾಶ ಬಿಡುವುದು ಯಾಕೆ?

ಕತ್ತು ಬಗ್ಗಿಸಿದರೆ ಬೆನ್ನುದ್ದಕ್ಕೂ ಕರೆಂಟ್ ಹೊಡೆದಂತಾಗುತ್ತದೆಯೇ? ಬಿಸಿನೀರು ಹುಯ್ದುಕೊಂಡಾಗ ಆ ಕಣ್ಣು ಮತ್ತೆ ಸ್ವಲ್ಪ ಹೊತ್ತು ಮಂಜಾಗುತ್ತದೆಯೇ? ಇವೂ ಎಂಎಸ್‌ನ ಸುಳಿವಾಗಿರಬಹುದು, ಕ್ಷುಲ್ಲಕವೆಂದು ಮುಚ್ಚಿಡದೆ ವೈದ್ಯರಿಗೆ ಹೇಳಿ.

ಜೊತೆಗೆ ಅಕ್ವಪೊರಿನ್-4 ಮತ್ತು ಮಾಗ್ (ಎಂಒಜಿ) ಆ್ಯಂಟಿಬಾಡಿ ಪರೀಕ್ಷೆಗಳನ್ನೂ ಕೇಳಿ ಮಾಡಿಸಿ. ಎನ್‌ಎಂಒ ಎಂಬ ಕಾಯಿಲೆಯೂ ಕಣ್ಣಿನ ನರ ಮತ್ತು ಬೆನ್ನುಹುರಿಗೇ ಬರುತ್ತದೆ. ಅದರ ಗುರುತಿನ ಆ್ಯಂಟಿಬಾಡಿ ಪತ್ತೆಯಾದದ್ದು 2004ರಲ್ಲಿ. ಅದಕ್ಕೂ ಮೊದಲು ಎಷ್ಟೋ ಜನಕ್ಕೆ ಎಂಎಸ್ ಎಂದೇ ಚಿಕಿತ್ಸೆ ನಡೆಯುತ್ತಿತ್ತು. ಎಂಎಸ್‌ಗೆ ಕೊಡುವ ಇಂಟರ್‌ಫೆರಾನ್ ಎನ್‌ಎಂಒ ರೋಗಿಗೆ ಕೆಡುಕನ್ನೇ ಮಾಡಬಹುದು. ಮಂಗಳೂರಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ವರ್ಷಗಟ್ಟಲೆ ಈ ಎರಡೂ ಕಾಯಿಲೆಗಳ ರೋಗಿಗಳನ್ನು ಹಿಂಬಾಲಿಸಿ ಅಧ್ಯಯನ ನಡೆಸಿದ್ದಾರೆ. ಒಬ್ಬ ವೈದ್ಯೆ ಒಂದೇ ಊರಲ್ಲಿ ನೆಲೆನಿಂತು ಮಾಡಿದ ಇಂಥ ಕೆಲಸದಿಂದಲೇ ನಮ್ಮ ಜನರಲ್ಲಿ ಈ ಕಾಯಿಲೆಗಳ ಸ್ವರೂಪ ತಿಳಿದದ್ದು.

ಪ್ರಶ್ನೆ: ಮಗಳಿಗೆ ಎಂಎಸ್ ಇದೆ, ಮದುವೆ ಗೊತ್ತಾಗಿದೆ. ಬಸಿರಾದರೆ ಕಾಯಿಲೆ ಉಲ್ಬಣಿಸುತ್ತದಂತೆ, ಹೌದೇ?
– ತಾಯಿ, ಶಿವಮೊಗ್ಗ

ಉತ್ತರ: ಹೆದರಬೇಡಿ. ಯುರೋಪಿನ 12 ದೇಶಗಳಲ್ಲಿ 254 ಹೆಂಗಸರನ್ನು ಗಮನಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿನ ಕೊನೆಯ ಮೂರು ತಿಂಗಳಲ್ಲಿ ಕಾಯಿಲೆ ಮರುಕಳಿಸುವುದು ಕಡಿಮೆಯಾಗಿತ್ತು. ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಹೆಚ್ಚಿತ್ತು. ಬಾಣಂತನದಲ್ಲಿ ನಿಮ್ಮ ಕಣ್ಣು ಮಗಳ ಮೇಲೂ ಇರಲಿ. ಆದರೆ ಟೆರಿಫ್ಲುನೊಮೈಡ್, ಫಿಂಗೊಲಿಮಾಡ್‌ನಂಥ ಮಾತ್ರೆಗಳು ಬಸುರಿಗೆ ಆಗುವುದಿಲ್ಲ, ತಜ್ಞರನ್ನು ಕೇಳಿ ಮೊದಲೇ ಬದಲಿಸಿಕೊಳ್ಳಬೇಕು. ಗಂಡಿನ ಮನೆಯವರಿಗೆ ವಿಷಯ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅವಳು ಔಷಧವನ್ನೂ ಕದ್ದು ತೆಗೆದುಕೊಳ್ಳಬೇಕಾಗುತ್ತದೆ, ಆಮೇಲೆ ಬಿಟ್ಟೇ ಬಿಡುತ್ತಾಳೆ.

ಪ್ರಶ್ನೆ: ಎಂಎಸ್ ರೋಗಿ ನಾನು. ಎರಡು ದಿನದಿಂದ ಜ್ವರ, ಕಾಲು ಸೋಲುತ್ತಿದೆ. ಹಳೇ ಚೀಟಿಯ ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳಲೇ?
– ಓದುಗರು, ಧಾರವಾಡ

ಉತ್ತರ: ಖಂಡಿತ ಬೇಡ. ಜ್ವರ ಬಂದರೆ, ಮೂತ್ರದ ಸೋಂಕಾದರೆ ಹಳೆಯ ತೊಂದರೆಗಳೇ ಮತ್ತೆ ತಲೆ ಎತ್ತುತ್ತವೆ. ಇವತ್ತೇ ಮೂತ್ರ ಮತ್ತು ರಕ್ತ ಪರೀಕ್ಷೆ ಮಾಡಿಸಿ. ಸೋಂಕಿದ್ದರೆ ಅದಕ್ಕೆ ಮೊದಲು ಚಿಕಿತ್ಸೆ. ಸ್ಟೀರಾಯ್ಡ್ ಬೇಕೋ ಬೇಡವೋ ಎಂಬುದನ್ನು ರಿಪೋರ್ಟ್ ನೋಡಿ ನಿಮ್ಮ ವೈದ್ಯರು ಹೇಳುತ್ತಾರೆ.