ಇಂಗ್ಲಿಷಿನಲ್ಲಿ ತಮ್ಮ ಒಕ್ಕಲುತನವನ್ನು ಹೇಳುವ ಬಗೆ

ಮುಂಡರಗಿಯ ಕಡೆಯ ಒಂದು ಹಳ್ಳಿಗೆ ಕಡಲೆಯ ಬೆಳೆಯನ್ನು ನೋಡಲು ಪರದೇಶದ ಅತಿಥಿಗಳೊಬ್ಬರು ಬಂದಾಗ ನಾನು ಜೊತೆಗಿದ್ದೆನು. ಹೊಲದ ಮಾಲಕರು ಶಾಲೆಯಲ್ಲಿ ಕಲಿತ ಇಂಗ್ಲಿಷನ್ನು ನೆನೆದು ತಾವೇ ಮಾತಿಗೆ ನಿಂತರು. ಅತಿಥಿಗಳು “ವಾಟ್ ಡೂ ಯೂ ಡೂ?” ಎಂದು ಕೇಳಿದರು. ಇದು ಉದ್ಯೋಗವನ್ನು ಕೇಳುವ ಪ್ರಶ್ನೆಯು. ಮಾಲಕರು “ಐ ಆಮ್ ಲ್ಯಾಂಡ್‌ಲಾರ್ಡ್” ಎಂದುಬಿಟ್ಟರು. ಅತಿಥಿಗಳು ತಲೆದೂಗಿ, ಮುಂದಿನ ಪ್ರಶ್ನೆಗಳನ್ನೆಲ್ಲ ಬದಿಯಲ್ಲಿದ್ದ ವ್ಯಾಪಾರಿಯ ಗುಮಾಸ್ತನಿಗೆ ಕೇಳಿದರು. ಆ ಎರೆಭೂಮಿಯಲ್ಲಿ ಮೂವತ್ತು ವರ್ಷ ಒಡ್ಡು ಹಾಕಿ ಹಸಿಯನ್ನು ಕಾದವರ ಅನುಭವವನ್ನು ಯಾರೂ ಕೇಳಲಿಲ್ಲ. ನಾನು ಆಗಲೇ ಬಾಯಿ ಹಾಕದಿದ್ದುದು ನನ್ನ ತಪ್ಪೇ ಸರಿ.

ಲ್ಯಾಂಡ್‌ಲಾರ್ಡ್ ಎಂದರೆ ಭೂಮಿಯನ್ನು ಅಥವಾ ಮನೆಯನ್ನು ಪರರಿಗೆ ಕೊಟ್ಟು ಬಾಡಿಗೆ ಪಡೆಯುವವನು. 1974ನೆಯ ಇಸವಿಯ ಮಾರ್ಚ 1ರಿಂದ ಜಾರಿಗೆ ಬಂದ ತಿದ್ದುಪಡಿಯಿಂದ ನಮ್ಮ ರಾಜ್ಯದಲ್ಲಿ ಗೇಣಿಯ ಭೂಮಿಗಳು ಸರಕಾರಕ್ಕೆ ಸೇರಿದವು. ಅಂದ ಮೇಲೆ ಸ್ವತಃ ಸಾಗು ಮಾಡುವವರು ಈ ಹೆಸರನ್ನು ಹೇಳಿಕೊಳ್ಳುವದು ಯೋಗ್ಯವಲ್ಲ. “ಐ ಆಮ್ ಎ ಫಾರ್ಮರ್. ಐ ಫಾರ್ಮ್ ಮೈ ಓನ್ ಲ್ಯಾಂಡ್” ಎಂದರೆ ಸಾಕು. ಕಚೇರಿಯ ಕಾಗದಗಳಲ್ಲಿರುವ ಕಲ್ಟಿವೇಟರ್ ಎಂಬ ಶಬ್ದವು ನಮ್ಮಲ್ಲಿ ನಡೆಯುವದು. ಪರದೇಶದವರು ಮಾತ್ರ ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಸಲಕರಣೆಯನ್ನು ನೆನೆಯುವರು! ಕೂಲಿಯವರನ್ನು “ಕೂಲಿ” ಎಂದು ಇಂಗ್ಲಿಷಿನಲ್ಲಿ ಕರೆಯಬಾರದು, ಆ ಭಾಷೆಯಲ್ಲಿ ಅದು ಹೀನಾಯದ ಮಾತು. ಫಾರ್ಮ್ ವರ್ಕರ್ ಎನ್ನಬೇಕು. ಬಿತ್ತನೆಯಿಂದ ರಾಶಿಯ ವರೆಗೆ ದುಡಿಯುವ ಮನೆಯ ಹೆಣ್ಣುಮಕ್ಕಳೂ “ಹೌಸ್‌ವೈಫ್” ಎಂದು ಹೇಳಿ ಸುಮ್ಮನಾಗುವದುಂಟು. ಅವರೂ ಫಾರ್ಮರ್ ಎಂದೇ ಹೇಳತಕ್ಕದ್ದು.

ಇನ್ನು ಕ್ರಿಯಾಪದದ ವಿಚಾರ. “ಒಕ್ಕಲುತನ ಮಾಡುತ್ತಿದ್ದೇನೆ” ಎಂಬುದರ ಜಾಡಿನಲ್ಲಿ “ಐ ಆಮ್ ಡೂಯಿಂಗ್ ಅಗ್ರಿಕಲ್ಚರ್ ಸಿನ್ಸ್ ಟ್ವೆಂಟಿ ಇಯರ್ಸ್” ಎನ್ನುವವರು ಬಹಳ. ನಿತ್ಯದ ಉದ್ಯೋಗಕ್ಕೆ “ಐ ಗ್ರೋ ಕಾಟನ್” ಎಂಬ ಸಾದಾ ರೂಪವು ಸರಿ. “ಐ ಆಮ್ ಸೋಯಿಂಗ್” ಎಂದರೆ ಈಗ ಕೂರಿಗೆಯ ಹಿಂದೆಯೇ ಇದ್ದೇನೆಂದು ಅರ್ಥವಾಗುವದು. ಕಳೆದ ಕಾಲದ ಅಳತೆಗೆ “ಐ ಹ್ಯಾವ್ ಫಾರ್ಮ್ಡ್ ಹಿಯರ್ ಫಾರ್ ಟ್ವೆಂಟಿ ಇಯರ್ಸ್”; ಆರಂಭದ ಇಸವಿಯನ್ನು ಹೇಳುವಲ್ಲಿ ಮಾತ್ರ “ಸಿನ್ಸ್ 2005”.

ಬೆಳೆಗಳ ಹೆಸರಿನಲ್ಲಿಯೇ ಹೆಚ್ಚಿನ ತೊಡಕು. ನಮ್ಮ ಪೇಟೆಗಳಲ್ಲಿ ಕಡಲೆಗೆ ಬೆಂಗಾಲ್ ಗ್ರಾಮ್ ಎನ್ನುವರು. ಹೊರಗಿನವರಿಗೆ ಗ್ರಾಮ್ ಎಂದರೆ ತೂಕ. ಅವರಿಗೆ ಚಿಕ್‌ಪೀ ಎನ್ನಬೇಕು. ಹೆಸರು ಮಂಗ್ ಬೀನ್, ಜೋಳ ಸಾರ್ಗಮ್, ಗೋವಿನಜೋಳ ಮೇಜ್. “ಜವಾರಿ ತಳಿ” ಎಂದು ಹಾಗೆಯೇ ಹೇಳಿದರೆ ಕೇಳುವವರು ಜೋಳವೆಂದು ತಿಳಿದಾರು. ಲೋಕಲ್ ವರಾಯಿಟಿ ಎನ್ನಿರಿ. ಹಿಂದೆ ಈ ಸೀಮೆಯ ಎರೆಯಲ್ಲಿ ಬೆಳೆದ ನಾಡಹತ್ತಿಯು ಕುಮಟೆಯ ಬಂದರದಿಂದ ಹೊರಟಿತೆಂಬ ಕಾರಣಕ್ಕೆ ಪರದೇಶದ ವ್ಯಾಪಾರದಲ್ಲಿ ಕುಮಟಾ ಹತ್ತಿಯೆನಿಸಿಕೊಂಡಿತು. ಬೆಳೆದ ಹಳ್ಳಿಗಳ ಹೆಸರು ಹಿಂದೆಯೇ ಉಳಿಯಿತು.

ಮುಂಗಾರಿ, ಹಿಂಗಾರಿಗಳ ಬದಲು ತಿಂಗಳುಗಳನ್ನು ಹೇಳುವದು ಲೇಸು. ಖರೀಫ್, ರಬಿಗಳು ನಮ್ಮ ದೇಶದ ಕಚೇರಿಯ ಮಾತುಗಳು. ಗುಂಟೆಯ ಲೆಕ್ಕ ಹೊರಗೆ ತಿಳಿಯದು. ಎಕರೆಯನ್ನು ಹೇಳಿರಿ, ಒಂದು ಹೆಕ್ಟೇರಿಗೆ ಸುಮಾರು ಎರಡೂವರೆ ಎಕರೆ. ಇಳುವರಿಯನ್ನು ಚೀಲದಲ್ಲಿ ಹೇಳಬೇಡಿರಿ, ಚೀಲದ ತೂಕ ಮಾಲಿಗೊಂದು ಬಗೆ. ಕ್ವಿಂಟಲಿಗೆ “ಹಂಡ್ರೆಡ್ ಕಿಲೋಗ್ರಾಮ್ಸ್”, ಲಕ್ಷಕ್ಕೆ “ಹಂಡ್ರೆಡ್ ಥೌಜಂಡ್” ಎಂದು ಬಿಡಿಸಿದರೆ ದರದ ಮಾತಿನಲ್ಲಿ ಮೋಸವಾಗದು. ಮಳೆಯ ಭೂಮಿಗೆ ರೇನ್‌ಫೆಡ್, ನೀರಾವರಿಗೆ ಇರಿಗೇಟೆಡ್. ಇವೆರಡನ್ನು ಅದಲುಬದಲು ಮಾಡಿದರೆ ಕೇಳುವವರು ಇಳುವರಿಯನ್ನೇ ತಪ್ಪು ಅಳೆಯುವರು.

ಕುಂಟೆಯು ಬ್ಲೇಡ್ ಹ್ಯಾರೋ, ಕೂರಿಗೆಯು ಸೀಡ್ ಡ್ರಿಲ್. ಹೆಸರು ಮರೆತರೆ ಸಂಕೋಚ ಬೇಡ. ಹೊಲದಲ್ಲಿ ನಿಂತು ಸಲಕರಣೆಯನ್ನೇ ತೋರಿಸಬಹುದು.

ಮನೆಯ ಮಕ್ಕಳೊಡನೆ ಈ ನಾಲ್ಕು ವಾಕ್ಯಗಳನ್ನು ಗಟ್ಟಿಯಾಗಿ ಹೇಳಿ ರೂಢಿಸಿಕೊಳ್ಳಬಹುದು, ಶಿರಹಟ್ಟಿಯವರು ಊರಿನ ಹೆಸರನ್ನೂ, ಮಸಾರಿಯವರು ಮಣ್ಣಿನ ಹೆಸರನ್ನೂ, ಎಲ್ಲರೂ ತಮ್ಮ ಎಕರೆಯ ಲೆಕ್ಕವನ್ನೂ ಬದಲಿಸಿಕೊಳ್ಳತಕ್ಕದ್ದು: “ಐ ಆಮ್ ಎ ಫಾರ್ಮರ್ ಫ್ರಾಮ್ ಲಕ್ಷ್ಮೇಶ್ವರ. ಐ ಫಾರ್ಮ್ ಟೆನ್ ಏಕರ್ಸ್ ಆಫ್ ರೇನ್‌ಫೆಡ್ ಬ್ಲ್ಯಾಕ್ ಸಾಯಿಲ್. ಐ ಸೋ ಮಂಗ್ ಬೀನ್ಸ್ ಇನ್ ಜೂನ್ ಅಂಡ್ ಚಿಕ್‌ಪೀಸ್ ಇನ್ ಅಕ್ಟೋಬರ್. ಪ್ಲೀಸ್ ಆಸ್ಕ್ ಮೀ ಅಬೌಟ್ ಮೈ ಕ್ರಾಪ್.”